ತಮ್ಮನ ಲೆಕ್ಕ ಕೇಳುವ ಮೊದಲು

ಪ್ರಶ್ನೆ: ನನಗೆ 47 ವರ್ಷ. ಮೈಸೂರಿನಲ್ಲಿ ಖಾಸಗಿ ಕಂಪನಿಯಲ್ಲಿ ಕೆಲಸ. ನಮ್ಮೂರು ಮದ್ದೂರು ತಾಲ್ಲೂಕು. ಅಪ್ಪ ತೀರಿಕೊಂಡ ಮೇಲೆ ಎರಡು ಎಕರೆ ಕಬ್ಬಿನ ಗದ್ದೆಯನ್ನು ತಮ್ಮನೇ ನೋಡಿಕೊಳ್ಳುತ್ತಾನೆ. ಪಹಣಿಯಲ್ಲಿ ಇಬ್ಬರ ಹೆಸರೂ ಇದೆ. ಅವ್ವನೂ ಅವನ ಜೊತೆಗೇ ಇದ್ದಾಳೆ. ಅವನಿಗೆ ಜವಾಬ್ದಾರಿ ಅನ್ನೋದೇ ಇಲ್ಲ. ಈ ಸಲ ಕಾರ್ಖಾನೆಗೆ ಹಾಕದೆ ಕಡಿಮೆ ರೇಟಿಗೆ ಆಲೆಮನೆಗೆ ಕಬ್ಬು ಕೊಟ್ಟುಬಿಟ್ಟ. ಲೆಕ್ಕ ಹೇಳುವುದಿಲ್ಲ. ಅವ್ವನ ಕಣ್ಣಿನ ಪೊರೆ ತೆಗೆಸು ಅಂದರೆ ಶುಗರ್ ಇಳಿಯಲಿ ಅಂತ ನೆಪ ಹೇಳುತ್ತಾನೆ. ನಾನು ತಿಂಗಳು ತಿಂಗಳೂ ದುಡ್ಡು ಕಳಿಸುತ್ತೇನೆ. ಕೆಲಸದ ಒತ್ತಡ ಜಾಸ್ತಿ ಇರುವುದರಿಂದ ಯುಗಾದಿ ಆದಮೇಲೆ ಊರಿಗೆ ಹೋಗಲು ಆಗಿಲ್ಲ. ಪಿತೃಪಕ್ಷದಲ್ಲಿ ಎಡೆ ಇಡುವ ದಿನ ನೆಂಟರೆಲ್ಲ ಸೇರುತ್ತಾರೆ. ಅವರೆದುರೇ ಅವನ ಬಂಡವಾಳ ಬಯಲು ಮಾಡಬೇಕು ಅಂತಿದ್ದೇನೆ. ಸರಿಯೇ?
– ಹೆಸರು ಬೇಡ, ಮೈಸೂರು

ಉತ್ತರ: ಬೇಡ. ಎಡೆ ಇಟ್ಟ ಮನೆಯಲ್ಲಿ, ನೆಂಟರ ಮುಂದೆ ಖಂಡಿತ ಬೇಡ. ಅಲ್ಲಿ ಮಾತು ಶುರುವಾದರೆ ಕಬ್ಬಿನ ಲೆಕ್ಕಕ್ಕೆ ನಿಲ್ಲುವುದಿಲ್ಲ, ಯಾವುದೋ ಕಾಲದ ಮದುವೆ ಖರ್ಚಿನ ತನಕ ಹೋಗುತ್ತದೆ. ನೆಂಟರು ಇಬ್ಬರ ಮಾತಿಗೂ ತಲೆ ಆಡಿಸಿ, ಊಟ ಮುಗಿಸಿ ಬಸ್ ಹತ್ತುತ್ತಾರೆ. ನೀವೂ ಮೈಸೂರಿಗೆ ಬಂದುಬಿಡುತ್ತೀರಿ. ಆಮೇಲೆ ಅವ್ವ ಅದೇ ಮನೆಯಲ್ಲಿ ಇರಬೇಕು ಅಲ್ವಾ?

ನಿಮ್ಮ ಪತ್ರವನ್ನು ನೀವೇ ಇನ್ನೊಂದು ಸಲ ಓದಿ. ಒಂದೂವರೆ ಗಂಟೆ ದಾರಿಯ ಊರಿಗೆ ನೀವು ಇಷ್ಟು ತಿಂಗಳಾದರೂ ಹೋಗಿಲ್ಲ. ಅದಕ್ಕೆ ಕೆಲಸದ ಒತ್ತಡ ಕಾರಣ ಅಂದಿದ್ದೀರಿ. ನಂಬುತ್ತೇನೆ. ತಮ್ಮ ಆಪರೇಷನ್ ಮಾಡಿಸಿಲ್ಲ, ಅವನೂ ಒಂದು ಕಾರಣ ಹೇಳಿದ್ದಾನೆ. ಅದು ಮಾತ್ರ ನಿಮಗೆ ನೆಪವಾಗಿ ಕಂಡಿದೆ. ಶುಗರ್ ತುಂಬಾ ಏರಿದ್ದರೆ ಅದು ಹತೋಟಿಗೆ ಬರಲಿ ಅಂತ ಕಣ್ಣಿನ ಡಾಕ್ಟರೇ ಪೊರೆ ಆಪರೇಷನ್ ಮುಂದೆ ಹಾಕುವುದು ಮಾಮೂಲು. ಅವ್ವನ ಆಸ್ಪತ್ರೆ ಚೀಟಿ ನೋಡಿದ್ದೀರಾ? ಕೊನೆಯ ಸಲ ಪರೀಕ್ಷೆ ಮಾಡಿಸಿದಾಗ ಶುಗರ್ ಎಷ್ಟಿತ್ತು ಅಂತ ಗೊತ್ತಾ?

ಇನ್ನು ಆಲೆಮನೆ ವಿಷಯ. ಮೈಸೂರಿನಲ್ಲಿ ಕೂತು ಬರೀ ರೇಟು ನೋಡಿದರೆ ತಮ್ಮ ದಡ್ಡನಂತೆಯೇ ಕಾಣುತ್ತಾನೆ. ಗದ್ದೆ ಬದುವಿನ ಮೇಲೆ ನಿಂತವನ ಕಷ್ಟ ಬೇರೆ. ಕಾರ್ಖಾನೆಯಿಂದ ಕಟಾವಿಗೆ ಒಪ್ಪಿಗೆ ಬರಬೇಕು, ಕಡಿಯುವ ಆಳು ಸಿಗಬೇಕು, ಲಾರಿ ಬರಬೇಕು. ಅಷ್ಟರಲ್ಲಿ ಬಲಿತ ಕಬ್ಬಿಗೆ ಸೂಲಂಗಿ (ಹೂವು) ಬಂದು, ಒಣಗಿ, ತೂಕ ಇಳಿಯುತ್ತದೆ. ಕಾರ್ಖಾನೆಗೆ ಕಬ್ಬು ಹಾಕಿದ 14 ದಿನದೊಳಗೆ ದುಡ್ಡು ಕೊಡಬೇಕು ಅಂತ 1966ರ ಕಬ್ಬು ನಿಯಂತ್ರಣ ಆದೇಶವೇ ಹೇಳುತ್ತದೆ. ಆದರೂ ಬಾಕಿಗಾಗಿ ರೈತರು ರಸ್ತೆಗಿಳಿದಿದ್ದನ್ನು ಮಂಡ್ಯ ಜಿಲ್ಲೆಯವರಾದ ನಿಮಗೆ ನಾನು ಹೇಳಬೇಕಾಗಿಲ್ಲ. ಆಲೆಮನೆಯಲ್ಲಿ ರೇಟು ಕಡಿಮೆ ಸಿಕ್ಕರೂ ದುಡ್ಡು ಬೇಗ ಕೈಗೆ ಬರುತ್ತದೆ, ಎಷ್ಟೋ ಕಡೆ ಅವರೇ ಆಳು ತಂದು ಕಡಿದುಕೊಂಡು ಹೋಗುತ್ತಾರೆ. ತಮ್ಮನ ಲೆಕ್ಕಾಚಾರ ತಪ್ಪಿರಲೂಬಹುದು. ಆದರೆ ‘ಯಾಕೆ ಹಾಗೆ ಮಾಡಿದೆ?’ ಅಂತ ನೀವು ಅವನನ್ನು ಕೇಳಿದ್ದು ಪತ್ರದಲ್ಲಿ ಎಲ್ಲೂ ಇಲ್ಲ.

ಇದು ನಿಮ್ಮೊಬ್ಬರ ಕಥೆಯಲ್ಲ ಬಿಡಿ. ಮೈಕೆಲ್ ರಾಸ್, ಫಿಯೋರೆ ಸಿಕೋಲಿ ಅನ್ನುವ ಕೆನಡಾದ ಇಬ್ಬರು ಮನಶ್ಶಾಸ್ತ್ರಜ್ಞರು 1979ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಮನೆಗೆಲಸದಲ್ಲಿ ನಿಮ್ಮ ಪಾಲು ಎಷ್ಟು ಅಂತ ಗಂಡನನ್ನೂ ಹೆಂಡತಿಯನ್ನೂ ಕೇಳಿದ್ದರು. ಹೆಚ್ಚಿನ ಮನೆಗಳಲ್ಲಿ ಇಬ್ಬರೂ ಹೇಳಿದ ಪಾಲು ಕೂಡಿದರೆ ನೂರಕ್ಕಿಂತ ಜಾಸ್ತಿ ಆಗುತ್ತಿತ್ತು. ಅವರೇನೂ ಬೇಕಂತಲೇ ಸುಳ್ಳು ಹೇಳಿರಲಿಲ್ಲ. ತಾನು ಮಾಡಿದ್ದು ತನಗೆ ಬೇಗ ನೆನಪಾಗುತ್ತದೆ, ಅಷ್ಟೇ. ನಿಮಗೆ ಪ್ರತಿ ತಿಂಗಳು ದುಡ್ಡು ಕಳಿಸಿದ್ದು ನೆನಪಿದೆ. ರಾತ್ರಿ ಹೊತ್ತು ತ್ರೀ ಫೇಸ್ ಕರೆಂಟ್ ಬಂದಾಗ ಎದ್ದು ಹೋಗಿ ಮೋಟಾರ್ ಹಾಕಿದ್ದು, ಅವ್ವನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಆಸ್ಪತ್ರೆಗೆ ಹೋಗಿದ್ದು ಅವನಿಗೆ ನೆನಪಿರುತ್ತದೆ. ಅದು ನಿಮ್ಮ ಕಣ್ಣಿಗೆ ಬಿದ್ದೇ ಇಲ್ಲ.

‘ಅವನ ಜಾಗದಲ್ಲಿ ನಾನಿದ್ದಿದ್ದರೆ’ ಅಂತ ಯೋಚಿಸಿ ಅಂತ ನಾನು ಹೇಳುವುದಿಲ್ಲ. ಕಲ್ಪನೆಯಲ್ಲಿ ನಾವೆಲ್ಲ ಬಲು ಒಳ್ಳೆಯವರು. ಅದರ ಬದಲು ನಿಮ್ಮದೇ ಜಾಗದಲ್ಲಿ ನಿಂತು ಉತ್ತರ ಕೊಡಿ: ಯುಗಾದಿಯಿಂದ ಈಚೆಗೆ ಅವ್ವನ ಕಣ್ಣಿಗಾಗಿ, ಆ ಗದ್ದೆಗಾಗಿ ಫೋನು, ದುಡ್ಡು ಬಿಟ್ಟು ನೀವೇನು ಮಾಡಿದಿರಿ? ಯಾರಿಗೂ ತೋರಿಸಬೇಕಾಗಿಲ್ಲ. ಒಂದು ಹಾಳೆ ಮೇಲೆ ಬರೆದಿಟ್ಟುಕೊಳ್ಳಿ, ಸಾಕು.

ಅಷ್ಟಾದ ಮೇಲೂ ಒಂದು ದೂರು ಉಳಿಯುತ್ತದೆ, ಲೆಕ್ಕದ್ದು. ಜಮೀನು ಇಬ್ಬರದೂ ಆಗಿರುವಾಗ ತಮ್ಮ ಲೆಕ್ಕ ಹೇಳದೇ ಇರುವುದು ತಪ್ಪು. ಸುಮ್ನೆ ನುಂಗಿಕೊಳ್ಳಿ ಅಂತ ನಾನು ಹೇಳುತ್ತಿಲ್ಲ. ಪಕ್ಷಕ್ಕೆ ಮೊದಲೇ ಒಂದು ಭಾನುವಾರ ಊರಿಗೆ ಹೋಗಿ. ಅವನ ಜೊತೆ ಗದ್ದೆಗೆ ನಡೆಯಿರಿ. ಬಂದ ದುಡ್ಡಿನ ಜೊತೆಗೆ ಗೊಬ್ಬರ, ಆಳು, ಸೊಸೈಟಿ ಸಾಲ ಎಲ್ಲದರ ಖರ್ಚನ್ನೂ ಕೇಳಿ. ‘ಆಲೆಮನೆಗೆ ಯಾಕೆ ಕೊಟ್ಟೆ?’ ಅಂತ ಕೇಳಿದ ಮೇಲೆ ಅವನು ಹೇಳುವುದನ್ನು ಪೂರ್ತಿ ಕೇಳಿಸಿಕೊಳ್ಳಿ. ಇಷ್ಟು ದಿನ ಬರಲಿಲ್ಲ ಅಂತ ಅವನು ನಾಲ್ಕು ಮಾತು ಆಡಿಯೇ ಆಡುತ್ತಾನೆ, ಆಡಲಿ. ಇಷ್ಟಾಗಿಯೂ ಲೆಕ್ಕ ತೋರಿಸದಿದ್ದರೆ ಸೋದರಮಾವನಂಥ ಹಿರಿಯರೊಬ್ಬರನ್ನು ಕೂರಿಸಿ ಜಮೀನು ಭಾಗದ ಮಾತೆತ್ತಿ. ಆಗ ನಾನೂ ಬೇಡ ಅನ್ನುವುದಿಲ್ಲ.

ಆದರೆ ಲೆಕ್ಕ ಇತ್ಯರ್ಥ ಆಗಲಿ ಅಂತ ಅವ್ವನ ಕಣ್ಣನ್ನು ಕಾಯಿಸಬೇಡಿ. ಬರುವಾಗ ಚೀಟಿಗಳ ಸಮೇತ ಅವರನ್ನು ಮೈಸೂರಿಗೆ ಕರೆದುಕೊಂಡು ಬನ್ನಿ. ಡಾಕ್ಟರ್ ಏನು ಹೇಳುತ್ತಾರೋ ನೀವೇ ಎದುರಿಗೆ ಕೂತು ಕೇಳಿ. ಆಪರೇಷನ್ ಆದ ಮೇಲೆ ಕೆಲವು ವಾರ ದಿನಕ್ಕೆ ಹಲವು ಸಲ ಕಣ್ಣಿಗೆ ಹನಿ ಹಾಕಬೇಕು. ಭಾರ ಎತ್ತುವಂತಿಲ್ಲ, ದೂಳು, ಒಲೆ ಹೊಗೆ ಆಗದು. ಅಷ್ಟು ದಿನ ನಿಮ್ಮ ಮನೆಯಲ್ಲೇ ಇರಲಿ. ಎಷ್ಟು ರಜೆ ಬಾಕಿ ಇದೆ ಅಂತ ಈ ವಾರವೇ ಆಫೀಸಿನಲ್ಲಿ ವಿಚಾರಿಸಿಕೊಳ್ಳಿ.