ಮೊಲ ಬರೆಯುವ ಹುಡುಗ

ಸಂಬಳ ಕೊಡಲಾಗದೆ, ಬರೀ ಉತ್ಸಾಹವನ್ನು ನಂಬಿ ತಂಡ ಕಟ್ಟಿ, ನಿದ್ದೆ ಕಳೆದುಕೊಂಡು ಆಪ್ತಸಲಹೆಗೆಂದು ನನ್ನಲ್ಲಿಗೆ ಬಂದವರಲ್ಲಿ ಸಹನಾ ಮೂರನೆಯವರು. ಮೊದಲಿಬ್ಬರಲ್ಲಿ ಒಬ್ಬರದು ನಾಟಕ ತಂಡ, ಇನ್ನೊಬ್ಬರದು ಮಕ್ಕಳ ಪತ್ರಿಕೆ. ಅವರಿಗೆ ಉಸಿರಾಟದ ಅಭ್ಯಾಸ, ದಿನಚರಿ, ವಿಶ್ರಾಂತಿ ಎಂದು ಹೇಳಿ ಕಳುಹಿಸಿದ್ದೆ. ಅದು ಸಾಲಲಿಲ್ಲ ಎಂಬ ಕೊರಗು ನನಗಿನ್ನೂ ಇದೆ. ಈ ಪ್ರಕರಣದಲ್ಲಿ ಹೆಸರು, ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆಯಿದೆ.

ಸಹನಾ ಅವರಿಗೆ ಇಪ್ಪತ್ತಾರು ವರ್ಷ. ಕೆಲಸ ಬಿಟ್ಟು, ವರ್ಚುವಲ್ ಸಾಕುಪ್ರಾಣಿಗಳ ಜಾಲತಾಣವೊಂದನ್ನು ಕಟ್ಟುತ್ತಿದ್ದರು. ಆಡುವವರು ಅಲ್ಲೊಂದು ಪ್ರಾಣಿಯನ್ನು ದತ್ತು ಪಡೆದು, ಹೆಸರಿಟ್ಟು, ಉಣಿಸಿ ಬೆಳೆಸಬೇಕು. ಕರೆತಂದ ತಂದೆ, "ಇದನ್ನು ಬಿಡುವಂತೆ ನೀವಾದರೂ ಬುದ್ಧಿ ಹೇಳಿ ಮೇಡಂ" ಎಂದರು. ನಾನು ಹೇಳಲಿಲ್ಲ. 1999ರಲ್ಲಿ ಶುರುವಾದ ಇಂಥದೇ ತಾಣ ನಿಯೋಪೆಟ್ಸ್ 2005ರಲ್ಲಿ 16 ಕೋಟಿ ಡಾಲರಿಗೆ ಅಮೆರಿಕದ ಮಾಧ್ಯಮ ಸಂಸ್ಥೆ ವಯಾಕಾಮ್‌ನ ಪಾಲಾದದ್ದು ಆ ಮನೆಯಲ್ಲಿ ದಿನವೂ ಏಳುವ ಮಾತು. ಅದರ ಸರಿತಪ್ಪು ನನ್ನ ಕೆಲಸವಲ್ಲ.

ನಾನು ಬೇರೊಂದು ಲೆಕ್ಕವನ್ನು ಕಾಗದದ ಮೇಲೆ ಬರೆಸಿದೆ. 12 ಜಾತಿಯ ಪ್ರಾಣಿಗಳು, ಒಂದೊಂದಕ್ಕೂ 10 ಬಣ್ಣ, ಬಣ್ಣಕ್ಕೆ ನಾಲ್ಕು ಭಾವ: ಹಸಿವು, ನಿದ್ದೆ, ಸಂತೋಷ, ಕಾಯಿಲೆ. ಅಲ್ಲಿಗೆ 480 ಚಿತ್ರಗಳು. ಮರಿಯ ರೂಪವೂ ಸೇರಿದರೆ 960. ಬರೆಯುವವರು ಮೂವರು, ಮೂವರಿಗೂ ಸಂಬಳವಿಲ್ಲ. ಪ್ರೋಗ್ರಾಮಿಂಗ್ ಮಾಡುವಾತನಿಗೆ ಬೇರೆಡೆ ಪೂರ್ಣಾವಧಿ ಕೆಲಸ. ಆರಂಭದ ದಿನಾಂಕವನ್ನು ಘೋಷಿಸಿಯಾಗಿತ್ತು. ಉಳಿದದ್ದು ಹನ್ನೊಂದು ವಾರ. ಕಾಗದವನ್ನು ಅವರು ಮಡಚಿ ಚೀಲಕ್ಕೆ ಹಾಕಿಕೊಂಡರು, ಏನೂ ಹೇಳಲಿಲ್ಲ.

ನಾಲ್ಕನೆಯ ಭೇಟಿಯಲ್ಲಿ ಆಟದ ಬಗ್ಗೆಯೇ ಕೇಳಿದೆ. ಮುಖ ಅರಳಿತು. 1996ರಲ್ಲಿ ಜಪಾನಿನಲ್ಲಿ ಬಂದ ಟಮಗೋಚಿ ಎಂಬ ಅಂಗೈಯಗಲದ ಆಟಿಕೆಯ ಕಥೆ ಹೇಳಿದರು. ಅದರೊಳಗಿನ ಜೀವಿಯನ್ನು ನೋಡಿಕೊಳ್ಳದಿದ್ದರೆ ಸಾಯುತ್ತಿತ್ತು. ಮಕ್ಕಳು ಅದನ್ನು ಶಾಲೆಗೂ ಒಯ್ದು, ಪಾಠದ ನಡುವೆ ಉಣಿಸುತ್ತಿದ್ದರು. "ನನ್ನ ತಾಣದಲ್ಲಿ ಹಾಗಾಗುವುದಿಲ್ಲ ಮೇಡಂ. ಹಸಿವು ಒಂದು ಮಟ್ಟಕ್ಕೆ ಬಂದು ನಿಲ್ಲುತ್ತದೆ. ಒಬ್ಬಳು ಹುಡುಗಿ ಪರೀಕ್ಷೆಗೆ ಓದುತ್ತಾ ಇಪ್ಪತ್ತು ದಿನ ಬರದೇ ಹೋದಳು ಎಂದುಕೊಳ್ಳಿ. ಅದಕ್ಕಾಗಿ ಅವಳ ಮರಿ ಸಾಯಬೇಕೇ? ಮರಳಿ ಬಂದಾಗ ಅದು ಬಾಗಿಲಲ್ಲೇ ಕಾಯುತ್ತಿರಬೇಕು."

ಎಷ್ಟು ಚೆನ್ನಾಗಿ ಯೋಚಿಸಿದ್ದೀರಿ ಎಂದೆ, ಮನಸಾರೆ. ಆಮೇಲೆ ತಂಡದ ಮಾತು ಬಂದಾಗ ದನಿಯೇ ಬದಲಾಯಿತು. ಮೊಲಗಳನ್ನು ಬರೆಯುವ ಹುಡುಗ ಎರಡು ವಾರದಿಂದ ಒಂದೂ ಚಿತ್ರ ಕಳುಹಿಸಿಲ್ಲ. ರಾತ್ರಿ ಹನ್ನೊಂದಕ್ಕೆ ಸಂದೇಶ ಕಳುಹಿಸಿದರೂ ಉತ್ತರವಿಲ್ಲ. ಜವಾಬ್ದಾರಿಯೇ ಇಲ್ಲ.

"ಅವನ ವಯಸ್ಸೆಷ್ಟು?"

"ಹದಿನೇಳು. ದ್ವಿತೀಯ ಪಿಯುಸಿ. ಪರೀಕ್ಷೆ ಹತ್ತಿರ ಬಂದಿದೆ ಅನ್ನುತ್ತಾನೆ..."

ಮಾತು ಅಲ್ಲಿಗೇ ನಿಂತಿತು. ನಾನು ಏನನ್ನೂ ಸೇರಿಸಲಿಲ್ಲ. ಬಹಳ ಹೊತ್ತಿನ ಮೇಲೆ, "ಅವನು ಮೂರು ಸಲ ಕ್ಷಮೆ ಕೇಳಿದ್ದಾನೆ ಮೇಡಂ" ಎಂದರು. ಅತ್ತರು.

ಆ ದಿನ ನಾನು ನೇರವಾಗಿಯೇ ಸಲಹೆ ಕೊಟ್ಟೆ. ಮೊದಲು ಆ ಹುಡುಗನಿಗೆ, ಪರೀಕ್ಷೆ ಮುಗಿಯುವವರೆಗೆ ಏನೂ ಬೇಡ, ತಪ್ಪು ನಿನ್ನದಲ್ಲ ಎಂದು ಇವತ್ತೇ ಬರೆಯಿರಿ. ಘೋಷಿಸಿದ ದಿನಾಂಕ ಹಿಂತೆಗೆದುಕೊಳ್ಳಿ. 3 ಪ್ರಾಣಿ, 4 ಬಣ್ಣ, 2 ಭಾವ: 24 ಚಿತ್ರಗಳಿಂದ ಶುರುಮಾಡಿ. ತಂಡಕ್ಕೆ ಬರುವವರು ವಯಸ್ಕರಾಗಿರಲಿ. ತಿಂಗಳಿಗೆ ಎಷ್ಟು ಕೆಲಸ, ಎಷ್ಟು ಹಣ, ಯಾವಾಗ ರಜೆ ಎಂಬುದು ಬರಹದಲ್ಲಿರಲಿ. ಆಡುವ ಮಕ್ಕಳು ಪರಸ್ಪರ ಸಂದೇಶ ಕಳುಹಿಸುವ ಸೌಲಭ್ಯವಂತೂ, ಅದನ್ನು ಹೊತ್ತುಹೊತ್ತಿಗೆ ಗಮನಿಸುವ ಮಾಡರೇಟರುಗಳು ಸಿಗುವವರೆಗೆ ಬೇಡವೇ ಬೇಡ. ಮಗು ಯಾರೊಂದಿಗೆ ಮಾತನಾಡುತ್ತಿದೆ ಎಂದು ಯಾರೂ ನೋಡದ ತಾಣವನ್ನು ಎಷ್ಟು ಮುದ್ದಾದ ಮೊಲವೂ ಕಾಯಲಾರದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ತುಂಬದವರೆಲ್ಲರನ್ನೂ ಮಕ್ಕಳೆಂದೇ ಎಣಿಸುತ್ತದೆ; ಅವರ ವಿವರ ಪಡೆಯಲು ಪೋಷಕರ ಒಪ್ಪಿಗೆ ಕೇಳುತ್ತದೆ. ವಕೀಲರೊಬ್ಬರನ್ನು ಕಾಣಿ ಎಂದೂ ಹೇಳಿದೆ.

ನನ್ನ ಹಿರಿಯ ಸಹೋದ್ಯೋಗಿಯೊಬ್ಬರು ಇದನ್ನು ಒಪ್ಪಲಿಲ್ಲ. ಆಪ್ತಸಲಹೆಗಾರರು ಕನ್ನಡಿ ಹಿಡಿಯಬೇಕೇ ಹೊರತು ವ್ಯವಹಾರ ಕಲಿಸಬಾರದು ಎಂದರು. ಅವರ ಮೇಲೆ ನನಗೆ ಗೌರವವಿದೆ. ಆದರೆ ಸಹನಾ ಅವರ ನಿದ್ರಾಹೀನತೆಯ ಬೇರು 960 ಎಂಬ ಸಂಖ್ಯೆಯಲ್ಲಿತ್ತು. ಅದನ್ನು ಹಾಗೇ ಬಿಟ್ಟು ಉಸಿರಾಟ ಕಲಿಸುವ ತಪ್ಪನ್ನು ಎರಡು ಸಲ ಮಾಡಿದ್ದೆ. ಅದೂ ಅಲ್ಲದೆ, ನನ್ನೆದುರು ಕುಳಿತವರ ಹಿಂದೆ ಇನ್ನೊಬ್ಬ ಹುಡುಗ ನಿದ್ದೆಗೆಡುತ್ತಿದ್ದ. ಅವನನ್ನು ಕೇಳುವವರು ಯಾರು?

ಸಹನಾ ಈಗ ವಾರಕ್ಕೆ ಮೂರು ದಿನ ಹೊರಗೆ ಕೆಲಸ ಮಾಡುತ್ತಾರೆ. ತಾಣ ಇನ್ನೂ ತೆರೆದಿಲ್ಲ. ತಂದೆಯ ಅಸಮಾಧಾನವೂ ತೀರಿಲ್ಲ. ಹುಡುಗ ಬರೆದಿದ್ದ ಆರು ಮೊಲಗಳ ಹಣವನ್ನು ಅವನ ಅಪ್ಪನ ಖಾತೆಗೆ ಕಳುಹಿಸಿದ್ದಾರೆ. ಪರೀಕ್ಷೆ ಮುಗಿದ ಮೇಲೂ ಅವನು ಮರಳಿ ಬಂದಿಲ್ಲ. ಬಾ ಎಂದು ಅವರೂ ಕೇಳಿಲ್ಲ.