ಅಟ್ಟದಿಂದ ಬಿದ್ದ ಗೂಬೆ ಮರಿಯನ್ನು ಸಾಕಿಕೊಳ್ಳಬಹುದೇ?

ಮೊದಲು ಆ ಹಾಲಿನ ಬಟ್ಟಲನ್ನು ಎತ್ತಿ ಪಕ್ಕಕ್ಕಿಡಿ. ಮಿಕ್ಕಿದ್ದನ್ನು ಆಮೇಲೆ ಓದಿದರೂ ಸಾಕು.

ಹರಿಹರದ ಕಡೆಯ ನಿಮ್ಮ ಹಳೆಯ ಮನೆಯ ಅಟ್ಟದಿಂದ ನಿನ್ನೆ ರಾತ್ರಿ ಬಿಳಿ ಮುಖದ ಗೂಬೆ ಮರಿಯೊಂದು ಬಿದ್ದಿದೆ, ಹಾಲು ಅನ್ನ ಇಟ್ಟರೆ ಮೂಸುವುದೂ ಇಲ್ಲ, ಹತ್ತಿರ ಹೋದರೆ ಹಾವಿನಂತೆ ಬುಸುಗುಡುತ್ತದೆ ಎಂದು ಬರೆದಿದ್ದೀರಿ. ಅಪಶಕುನ, ಹೊರಗೆ ಹಾಕಿ ಎಂದು ಅಜ್ಜಿ ಹೇಳುತ್ತಿದ್ದಾರೆ. ನಿಮಗೆ ಮಾತ್ರ ಅದನ್ನು ಸಾಕಿಕೊಳ್ಳುವ ಆಸೆ. ನಾನು ಬೆಂಗಳೂರಿನ ಒಂದು ವನ್ಯಜೀವಿ ಶುಶ್ರೂಷಾ ಕೇಂದ್ರದಲ್ಲಿ ಒಂಬತ್ತು ವರ್ಷಗಳಿಂದ ಭಾನುವಾರಗಳಂದು ಸ್ವಯಂಸೇವಕಿಯಾಗಿ ದುಡಿಯುತ್ತಿದ್ದೇನೆ. ವೈದ್ಯೆಯಲ್ಲ. ಪಂಜರ ತೊಳೆಯುವುದು, ಊಟ ತೂಗಿ ಇಡುವುದು, ವೈದ್ಯರು ಹೊಲಿಗೆ ಹಾಕುವಾಗ ಹಕ್ಕಿಯನ್ನು ಅಲುಗಾಡದಂತೆ ಹಿಡಿದುಕೊಳ್ಳುವುದು ನನ್ನ ಪಾಲಿನ ಕೆಲಸ. ಅಲ್ಲಿ ಕಂಡದ್ದನ್ನು, ಕಲಿತದ್ದನ್ನು ಹೇಳುತ್ತೇನೆ.

ಹಕ್ಕಿಗೆ ಹಾಲು ಅರಗುವುದಿಲ್ಲ. ಅನ್ನ, ಬ್ರೆಡ್ಡು ಕೂಡ ಗೂಬೆಯ ಆಹಾರವಲ್ಲ. ಕೊಕ್ಕು ಬಿಡಿಸಿ ನೀರು ಹನಿಸುವುದಂತೂ ಬೇಡವೇ ಬೇಡ. ಹಕ್ಕಿಯ ಶ್ವಾಸನಾಳದ ಬಾಯಿ ನಾಲಿಗೆಯ ಬುಡದಲ್ಲೇ ಇರುವುದರಿಂದ ಆ ನೀರು ಸುಲಭವಾಗಿ ಶ್ವಾಸಕೋಶಕ್ಕೆ ಇಳಿಯುತ್ತದೆ. ಪ್ರೀತಿಯಿಂದ ಹನಿಸಿದ ಒಂದು ಚಮಚ ನೀರಿನಿಂದ ಸತ್ತ ಹಕ್ಕಿಗಳನ್ನು ನಾನು ಕೈಯಲ್ಲಿ ಹಿಡಿದಿದ್ದೇನೆ. ಗೂಬೆಗೆ ಬೇಕಾದ ನೀರಿನ ಬಹುಪಾಲು ಅದು ತಿನ್ನುವ ಇಲಿಯ ದೇಹದಿಂದಲೇ ಸಿಗುತ್ತದೆ.

ಒಂದು ರಟ್ಟಿನ ಪೆಟ್ಟಿಗೆಗೆ ಗಾಳಿಯಾಡಲು ತೂತು ಮಾಡಿ, ತಳಕ್ಕೆ ಹಳೆಯ ಹತ್ತಿ ಬಟ್ಟೆ ಹಾಸಿ. ದಪ್ಪ ಟವೆಲ್ಲನ್ನು ಮರಿಯ ಮೇಲೆ ಹೊದಿಸಿ, ಕಾಲುಗಳು ಹಿಡಿತದಲ್ಲಿರುವಂತೆ ಎತ್ತಿ ಒಳಗಿಡಿ. ಗೂಬೆ ಗಾಯ ಮಾಡುವುದು ಕೊಕ್ಕಿಗಿಂತ ಹೆಚ್ಚಾಗಿ ಉಗುರಿನಿಂದ. ಮೈಮೇಲೆ ಇನ್ನೂ ಬರಿಯ ತುಪ್ಪುಳವಿದ್ದರೆ, ಬಿಸಿನೀರಿನ ಬಾಟಲಿಯೊಂದನ್ನು ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯ ಒಂದು ಬದಿಗೆ ಮಾತ್ರ ಇಡಿ. ಸೆಕೆಯಾದರೆ ಅದು ಇನ್ನೊಂದು ಬದಿಗೆ ಸರಿಯಲು ಜಾಗವಿರಬೇಕು. ತಣ್ಣಗಾದ ಮರಿಗೆ ಏನನ್ನು ತಿನ್ನಿಸಿದರೂ ಅರಗುವುದಿಲ್ಲ, ಆದ್ದರಿಂದ ಊಟಕ್ಕಿಂತ ಕಾವು ಮೊದಲು. ಮುಚ್ಚಳ ಹಾಕಿ, ಕತ್ತಲೆಯ ಮೂಲೆಯಲ್ಲಿಟ್ಟು, ಬೆಕ್ಕು ನಾಯಿಗಳನ್ನೂ ನೋಡಲು ಬರುವ ಮಕ್ಕಳನ್ನೂ ದೂರವಿಡಿ. ಆಮೇಲೆ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಿ, ಇಲ್ಲವೇ ನಿಮ್ಮ ವಲಯದ ಅರಣ್ಯ ಕಚೇರಿಗೆ ತಿಳಿಸಿ. ರೆಕ್ಕೆ ಜೋತುಬಿದ್ದಿದ್ದರೆ, ರಕ್ತ ಕಂಡರೆ, ನೊಣ ಮುತ್ತುತ್ತಿದ್ದರೆ, ಬೆಕ್ಕು ಬಾಯಿ ಹಾಕಿದ್ದರೆ ಸಂಜೆಯವರೆಗೆ ಕಾಯಬೇಡಿ. ಬೆಕ್ಕಿನ ಹಲ್ಲಿನ ಗಾಯ ಸೂಜಿಮೊನೆಯಷ್ಟೇ ಕಂಡರೂ ಒಳಗೆ ಬೇಗ ನಂಜಾಗುತ್ತದೆ.

ಗಾಯವಿಲ್ಲದಿದ್ದರೆ ಆ ಮರಿಗೆ ನಿಮ್ಮ ಅಟ್ಟಕ್ಕಿಂತ ಒಳ್ಳೆಯ ಆಸ್ಪತ್ರೆ ಇಲ್ಲ. ನೀವು ಹೇಳಿದ ಬಿಳಿ ಮುಖ, ಬುಸುಗುಟ್ಟುವಿಕೆ, ಹಳೆಯ ಅಟ್ಟ ಎಲ್ಲವೂ ಕಣಜ ಗೂಬೆಯನ್ನೇ ತೋರಿಸುತ್ತವೆ. ಮನುಷ್ಯ ಮುಟ್ಟಿದ ಮರಿಯನ್ನು ತಾಯಿ ಬಿಟ್ಟುಬಿಡುತ್ತದೆ ಎನ್ನುವುದು ಸುಳ್ಳು. ಆದರೆ ಕಣಜ ಗೂಬೆಯ ವಿಷಯದಲ್ಲಿ ಇನ್ನೊಂದು ಮಾತು ನಿಜ: ಗೂಡಿನೊಳಗಿರುವ ಮರಿಗೆ ಉಣಿಸುವ ಹೆತ್ತವರು ನೆಲಕ್ಕೆ ಬಿದ್ದ ಮರಿಯ ಕಡೆ ಸಾಮಾನ್ಯವಾಗಿ ತಿರುಗಿ ನೋಡುವುದಿಲ್ಲ. ಹಾಗಾಗಿ ಅಂಗಳದಲ್ಲಿ ಬಿಟ್ಟರೆ ತಾಯಿ ಬಂದು ನೋಡಿಕೊಳ್ಳುತ್ತದೆ ಎಂದು ನಂಬಬೇಡಿ. ಅದನ್ನು ಗೂಡಿಗೇ ಸೇರಿಸಬೇಕು. ಅಟ್ಟದಲ್ಲಿ ಸಾಮಾನ್ಯವಾಗಿ ಒಡಹುಟ್ಟಿದವು ಇರುತ್ತವೆ. ಮೊಟ್ಟೆಗಳೆಲ್ಲ ಒಂದೇ ದಿನ ಒಡೆಯದೆ ದಿನಗಳ ಅಂತರದಲ್ಲಿ ಒಡೆಯುವುದರಿಂದ ಒಂದು ದೊಡ್ಡದಾಗಿ, ಇನ್ನೊಂದು ಮುಷ್ಟಿಯಷ್ಟಿರುತ್ತದೆ. ಅದನ್ನು ಕಂಡು ಸಣ್ಣದಕ್ಕೆ ಕಾಯಿಲೆ ಇರಬಹುದೆಂದು ಎತ್ತಿಕೊಂಡು ಬರಬೇಡಿ.

ಆ ಬುಸುಗುಟ್ಟುವಿಕೆಯ ಬಗ್ಗೆಯೂ ಹೇಳಬೇಕು. ತಲೆ ತಗ್ಗಿಸಿ ಅತ್ತಿತ್ತ ತೂಗುತ್ತ, ರೆಕ್ಕೆ ಹರಡಿ, ಕೊಕ್ಕು ಟಕ್ಕೆಂದು ಬಡಿಯುವ ಮರಿಯನ್ನು ಕಂಡು ಜನ ದೆವ್ವ ಮೆಟ್ಟಿದೆ ಎನ್ನುತ್ತಾರೆ. ಅದು ಬರಿಯ ಭಯ. ಕತ್ತಲ ಪೊಟರೆಗೆ ಯಾರೋ ಕೈ ಹಾಕಿದಾಗ ಒಳಗೆ ಹಾವಿದೆ ಎಂದು ನಂಬಿಸುವುದೇ ಅದರ ಮೊದಲ ಆಯುಧ.

ಈಗ ಸಾಕಿಕೊಳ್ಳುವ ಆಸೆಯ ಮಾತು. ನಾಲ್ಕು ವರ್ಷದ ಹಿಂದೆ ಒಂದು ಕುಟುಂಬ ನಮ್ಮಲ್ಲಿಗೆ ಒಂದು ಹಾಲಕ್ಕಿಯನ್ನು, ಅಂದರೆ ಪುಟ್ಟ ಜಾತಿಯ ಗೂಬೆಯೊಂದನ್ನು, ತಂದಿತು. ತೆಂಗಿನ ಮರ ಕಡಿಸಿದಾಗ ಸಿಕ್ಕ ಮರಿಯಂತೆ. ಎರಡು ತಿಂಗಳು ಮನೆಯಲ್ಲೇ ಇಟ್ಟುಕೊಂಡು, ಮೂಳೆ ತೆಗೆದ ಕೋಳಿಮಾಂಸವನ್ನು ಸಣ್ಣಗೆ ಹೆಚ್ಚಿ, ದಿನಕ್ಕೆ ನಾಲ್ಕು ಹೊತ್ತು ತಿನ್ನಿಸಿದ್ದರು. ಆ ಮನೆಯ ಹುಡುಗಿ ಪರೀಕ್ಷೆಗೆ ಓದುವಾಗಲೂ ಅದನ್ನು ಮಡಿಲಲ್ಲಿ ಇಟ್ಟುಕೊಳ್ಳುತ್ತಿದ್ದಳು. ಅವರಷ್ಟು ಅಕ್ಕರೆಯ ಜನರನ್ನು ನಾನು ಕಂಡದ್ದು ಕಡಿಮೆ. ಕ್ಷ-ಕಿರಣ ಚಿತ್ರದಲ್ಲಿ ಆ ಹಕ್ಕಿಯ ಎರಡೂ ಕಾಲುಗಳು ಬಿಲ್ಲಿನಂತೆ ಬಾಗಿದ್ದವು. ಗೂಬೆ ಇಲಿಯನ್ನೋ ಓತಿಯನ್ನೋ ಮೂಳೆ, ಚರ್ಮ, ಕೂದಲು ಸಮೇತ ನುಂಗುತ್ತದೆ; ಸುಣ್ಣದಂಶ ಬರುವುದು ಆ ಮೂಳೆಯಿಂದ. ಅರಗದೆ ಉಳಿದ ಕೂದಲು ಮೂಳೆಗಳನ್ನು ಒತ್ತಿ ಉಂಡೆ ಮಾಡಿ ಬಾಯಿಂದ ಹೊರಹಾಕುತ್ತದೆ. ಬರಿಯ ಮಾಂಸ ತಿಂದು ಬೆಳೆದ ಮರಿಯ ಮೂಳೆ ತನ್ನ ಮೈಭಾರವನ್ನೇ ತಾಳುವುದಿಲ್ಲ.

ಕಾಲಿಗಿಂತ ದೊಡ್ಡ ನಷ್ಟ ಇನ್ನೊಂದಿತ್ತು. ನಮ್ಮನ್ನು ಕಂಡರೆ ಆ ಹಕ್ಕಿ ಹೆದರುತ್ತಿರಲಿಲ್ಲ. ಪಂಜರದ ಬಾಗಿಲು ತೆರೆದರೆ ಹಾರಿ ಬಂದು ಹೆಗಲ ಮೇಲೆ ಕುಳಿತು ಬಾಯಿ ತೆರೆಯುತ್ತಿತ್ತು. ಪಕ್ಕದ ಪಂಜರದಲ್ಲಿದ್ದ ಇತರ ಹಾಲಕ್ಕಿಗಳನ್ನು ಕಂಡರೆ ಮೂಲೆಗೆ ಸರಿದು ಮುದುರಿಕೊಳ್ಳುತ್ತಿತ್ತು. ಕಣ್ಣು ಬಿಟ್ಟು ಜಗತ್ತನ್ನು ಗುರುತಿಸಿಕೊಳ್ಳುವ ದಿನಗಳಲ್ಲಿ ಅದು ಕಂಡದ್ದು ಮನುಷ್ಯರ ಮುಖವನ್ನು ಮಾತ್ರ. ಅದನ್ನು ಕಾಡಿಗೆ ಬಿಡಲು ಆಗಲೇ ಇಲ್ಲ. ಆ ಹುಡುಗಿ ಪ್ರತಿ ತಿಂಗಳು ಫೋನ್ ಮಾಡಿ, ಯಾವಾಗ ಬಿಡುತ್ತೀರಿ ಎಂದು ಕೇಳುತ್ತಿದ್ದಳು. ಪ್ರತಿ ಸಲ ಉತ್ತರ ಕೊಡುವುದು ನನ್ನ ಪಾಲಿಗೆ ಬರುತ್ತಿತ್ತು. ಆ ನೆನಪಿನಿಂದಲೇ ನಿಮಗೆ ಇಷ್ಟು ಕಟ್ಟುನಿಟ್ಟಾಗಿ ಬರೆಯುತ್ತಿದ್ದೇನೆ. ಗೂಬೆಯನ್ನು ಮನೆಯಲ್ಲಿ ಇಟ್ಟುಕೊಳ್ಳುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ, ಅದೂ ನಿಜ. ಆದರೆ ಕಾನೂನು ಇಲ್ಲದಿದ್ದರೂ ನಾನು ಬೇಡ ಎನ್ನುತ್ತಿದ್ದೆ.

ನಾವು ಮರಿಗಳಿಗೆ ಉಣಿಸುವಾಗ ಮುಖ ಮುಚ್ಚಿಕೊಳ್ಳುತ್ತೇವೆ, ಮಾತಾಡುವುದಿಲ್ಲ, ಹೆಸರಿಡುವುದಿಲ್ಲ. ಒಂದೇ ಜಾತಿಯ ಮರಿಗಳನ್ನು ಜೊತೆಗಿಡುತ್ತೇವೆ. ನನ್ನನ್ನು ಕಂಡೊಡನೆ ಪಂಜರದ ಅತ್ತ ತುದಿಗೆ ಹಾರುವ ಹಕ್ಕಿಯನ್ನು ನೋಡಿದಾಗ ಆಗುವ ಸಂತೋಷವೇ ಬೇರೆ. ಅದು ಬದುಕುತ್ತದೆ ಎಂದು ಆಗ ನಂಬಿಕೆ ಬರುತ್ತದೆ.

ಗೂಬೆಯನ್ನು ಮೆಚ್ಚಲು ಅದನ್ನು ಮಡಿಲಲ್ಲಿ ಇಟ್ಟುಕೊಳ್ಳಬೇಕಾಗಿಲ್ಲ. ಒಂದು ಸಂಕ್ರಾಂತಿಯ ಸಮಯದಲ್ಲಿ ಗಾಳಿಪಟದ ಮಾಂಜಾ ದಾರಕ್ಕೆ ಸಿಕ್ಕಿ ರೆಕ್ಕೆ ಕೊಯ್ದುಕೊಂಡ ಕಣಜ ಗೂಬೆ ಬಂದಿತ್ತು. ನೈಲಾನ್ ಮಾಂಜಾವನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2017ರಲ್ಲೇ ನಿಷೇಧಿಸಿದ್ದರೂ ಅಂಥ ಗಾಯಗಳು ನಿಂತಿಲ್ಲ. ವೈದ್ಯರು ಹೊಲಿಯುತ್ತಿದ್ದಾಗ ನಾನು ರೆಕ್ಕೆಯನ್ನು ಬೆಳಕಿಗೆ ಹರಡಿ ಹಿಡಿದಿದ್ದೆ. ಮುಂಚೂಣಿಯ ಗರಿಯ ಅಂಚಿನುದ್ದಕ್ಕೂ ಬಾಚಣಿಗೆಯ ಹಲ್ಲಿನಂಥ ಎಳೆಗಳು, ಹಿಂದಿನ ಅಂಚಿಗೆ ಸೀರೆಯ ಕುಚ್ಚಿನಂಥ ಸಡಿಲ ನೂಲು, ಮೇಲ್ಮೈ ಪೂರ್ತಿ ಮಖಮಲ್ಲು. ಗಾಳಿಯನ್ನು ಸೀಳುವಾಗ ಏಳುವ ಸದ್ದನ್ನು ಇವು ಮೂರೂ ಸೇರಿ ಅಡಗಿಸುತ್ತವೆ. ಮುಖದ ಹೃದಯಾಕಾರದ ತಟ್ಟೆ ಸದ್ದನ್ನು ಕಿವಿಗೆ ತಿರುಗಿಸುವ ಮೊರದಂತೆ. ಕಿವಿಗಳೂ ಸಮ ಎತ್ತರದಲ್ಲಿಲ್ಲ. ಒಂದು ಮೇಲೆ, ಒಂದು ಕೆಳಗೆ. ಒಂದೇ ಸದ್ದು ಎರಡು ಕಿವಿಗೆ ತುಸು ಬೇರೆಯಾಗಿ ಕೇಳಿಸುವುದರಿಂದ, ಕಗ್ಗತ್ತಲಲ್ಲಿ ಹುಲ್ಲಿನಡಿ ಸರಿದಾಡುವ ಇಲಿ ಎಷ್ಟು ಎಡಕ್ಕಿದೆ, ಎಷ್ಟು ಕೆಳಗಿದೆ ಎನ್ನುವುದು ಅದಕ್ಕೆ ತಿಳಿಯುತ್ತದೆ. ಕಣ್ಣುಗುಡ್ಡೆಯನ್ನು ಹೊರಳಿಸಲು ಬಾರದ್ದಕ್ಕೆ ಕತ್ತು 270 ಡಿಗ್ರಿಯವರೆಗೆ ತಿರುಗುತ್ತದೆ. ನಮ್ಮ ಕತ್ತಿನಲ್ಲಿ ಏಳು ಮೂಳೆಗಳಿದ್ದರೆ ಅದರಲ್ಲಿ ಹದಿನಾಲ್ಕು. ಎಲ್ಲರೂ ಹೆದರುವುದು ಆ ಕತ್ತಿಗೇ.

ಆ ಹಕ್ಕಿಯ ನಾಲ್ಕು ಗರಿಗಳು ಬುಡದಲ್ಲಿ ಮುರಿದಿದ್ದವು. ಸತ್ತ ಇನ್ನೊಂದು ಕಣಜ ಗೂಬೆಯಿಂದ ತೆಗೆದಿಟ್ಟಿದ್ದ, ಅದೇ ಸ್ಥಾನದ ಗರಿಗಳನ್ನು ಬಿದಿರಿನ ಸಣ್ಣ ಕಡ್ಡಿ ಸೇರಿಸಿ ಅಂಟಿಸಿದರು. ಆಮೇಲೆ ಉದ್ದನೆಯ ಹಾರಾಟದ ಪಂಜರದಲ್ಲಿ ಅದನ್ನು ಹಾರಿಸಿ, ಕಣ್ಣು ಮುಚ್ಚಿ ನಿಂತು ಕೇಳಿದೆವು. ಮೊದಲ ವಾರ ಸಣ್ಣಗೆ ಸರ್‌ ಎನ್ನುತ್ತಿತ್ತು. ಸದ್ದು ಮಾಡುವ ಗೂಬೆಗೆ ಬೇಟೆ ಕಷ್ಟ. ಪೂರ್ತಿ ನಿಶ್ಶಬ್ದವಾಗಲು ಐದು ವಾರ ಹಿಡಿಯಿತು.

ಅಜ್ಜಿಯ ಜೊತೆ ಜಗಳ ಬೇಡ. ಅವರು ಕೇಳಿ ಬೆಳೆದ ಮಾತೇ ಹಾಗಿದೆ. ತಪ್ಪನ್ನು ಇನ್ನೊಬ್ಬರ ತಲೆಗೆ ಕಟ್ಟುವುದಕ್ಕೆ ನಾವು ಗೂಬೆ ಕೂರಿಸುವುದು ಎನ್ನುತ್ತೇವೆ. ಮಕ್ಕಳು ಹಟ ಮಾಡಿದರೆ ಗುಮ್ಮನನ್ನು ಕರೆಯುತ್ತೇವೆ. ಗೂಬೆ ಹೊಕ್ಕ ಮನೆಯನ್ನು ತಿಂಗಳುಗಟ್ಟಲೆ ಬಿಟ್ಟು ಹೋಗಿ, ಶಾಂತಿ ಮಾಡಿಸಿ ಮರಳುತ್ತಿದ್ದ ಕಾಲವೂ ಇತ್ತು. ಆದರೆ ಅದೇ ಅಜ್ಜಿ ಬೆಳಗಿನ ಜಾವ ಬುಡಬುಡಿಕೆಯವನು ಬಂದು ಹಾಲಕ್ಕಿ ಶುಭ ನುಡಿಯುತ್ತಿದೆ ಎಂದಾಗ ಮೊರದಲ್ಲಿ ಅಕ್ಕಿ ತಂದು ಹಾಕಿರುತ್ತಾರೆ. ಆ ಹಾಲಕ್ಕಿಯೂ ಗೂಬೆಯೇ, ಚುಕ್ಕೆ ಚುಕ್ಕೆಯ ಪುಟ್ಟ ಗೂಬೆ. ಲಕ್ಷ್ಮಿಯ ವಾಹನವೂ ಗೂಬೆ. ಇದನ್ನು ಅವರಿಗೆ ನೆನಪಿಸಿ. ನನ್ನ ಅಜ್ಜಿಗೆ ನಾನು ಮಾಡಿದ್ದು ಇಷ್ಟೇ: ಗೂಬೆ ಉಗುಳಿದ ಒಂದು ಒಣ ಉಂಡೆಯನ್ನು ಬಾಳೆಲೆಯ ಮೇಲಿಟ್ಟು ಕಡ್ಡಿಯಿಂದ ಬಿಡಿಸಿದೆ. ಮೂರು ಇಲಿಗಳ ತಲೆಬುರುಡೆ, ಹಲ್ಲು ಸಮೇತ, ಒಂದರ ಪಕ್ಕ ಒಂದು. ಜೀವನವಿಡೀ ಭತ್ತದ ಚೀಲಕ್ಕೆ ಇಲಿ ಕಾದವರು ಅವರು. ಬಹಳ ಹೊತ್ತು ನೋಡಿ, ಇದು ಒಂದು ರಾತ್ರಿಯದ್ದೇ ಎಂದು ಕೇಳಿದರು. ಹೆಚ್ಚು ಕಡಿಮೆ ಹಾಗೆಯೇ ಎಂದೆ. ಕಣಜ ಗೂಬೆ ಎಂಬ ಹೆಸರು ಸುಮ್ಮನೆ ಬಂದದ್ದಲ್ಲ. ಮಲೇಷ್ಯಾದ ತಾಳೆ ತೋಟಗಳಲ್ಲಿ ಇಲಿ ಕಾಟಕ್ಕೆ ಇದೇ ಹಕ್ಕಿಗಾಗಿ ಗೂಡುಪೆಟ್ಟಿಗೆ ಇಡುತ್ತಾರೆ. ಇಸ್ರೇಲಿನ ಬೇತ್ ಶೆಆನ್ ಕಣಿವೆಯ ರೈತರು 1983ರಲ್ಲಿ ಆರಂಭಿಸಿದ್ದನ್ನು ಮುಂದೆ ಜೋರ್ಡಾನ್ ಮತ್ತು ಪ್ಯಾಲೆಸ್ಟೀನಿನ ರೈತರೂ ಕೈಗೆತ್ತಿಕೊಂಡರು. ನಿಮ್ಮ ಅಟ್ಟದಲ್ಲಿ ಅದು ಕರೆಯದೆಯೇ ಬಂದು ನೆಲೆಸಿದೆ. ಅದಿರುವಷ್ಟು ದಿನ ಗದ್ದೆಗಾಗಲಿ ಮನೆಗಾಗಲಿ ಇಲಿ ಪಾಷಾಣ ಇಡಬೇಡಿ. ವಿಷ ತಿಂದು ತೂರಾಡುವ ಇಲಿಯೇ ಗೂಬೆಗೆ ಮೊದಲು ಸಿಗುವುದು, ಅದರ ಹೊಟ್ಟೆಯೊಳಗಿನ ವಿಷ ಗೂಬೆಗೂ ದಾಟುತ್ತದೆ.

ಇನ್ನೊಂದು ವಿನಂತಿ. ಮರಿಯ ಫೋಟೋವನ್ನು ಊರಿನ ಹೆಸರಿನ ಜೊತೆ ಎಲ್ಲಿಯೂ ಹಾಕಬೇಡಿ, ಪ್ರಶ್ನೆಯಲ್ಲಿ ಹಾಕಿರುವುದನ್ನೂ ತೆಗೆಯಿರಿ. ದೀಪಾವಳಿಯ ಅಮಾವಾಸ್ಯೆಗೆ ಗೂಬೆಯನ್ನು ಬಲಿ ಕೊಟ್ಟರೆ ಸಂಪತ್ತು ಬರುತ್ತದೆ ಎಂದು ನಂಬಿಸಿ ಮಾರುವವರಿದ್ದಾರೆ. ಲಕ್ಷ್ಮಿಯನ್ನು ಕರೆಯಲು ಲಕ್ಷ್ಮಿಯ ವಾಹನದ ಕತ್ತು ಕೊಯ್ಯುವುದು ಎಂಥ ಭಕ್ತಿ ಎಂದು ನನಗೆ ಇಂದಿಗೂ ಅರ್ಥವಾಗಿಲ್ಲ, ನೆನೆದರೆ ಮೈ ಉರಿಯುತ್ತದೆ. ಕಾಡುಪಾಪದ ಪಾಡೂ ಇದೇ. ತುಮಕೂರು ಬಳಿಯ ನಾಗವಲ್ಲಿಯಂಥ ಊರುಗಳ ಮರಗಳಲ್ಲಿ ಯಾರಿಗೂ ತೊಂದರೆ ಕೊಡದೆ ಹುಳು ಹುಪ್ಪಟೆ ತಿಂದು ಬದುಕುವ ಆ ಪುಟ್ಟ ಪ್ರಾಣಿಯನ್ನೂ ಮಾಟಕ್ಕೆಂದು ಹಿಡಿದು ಹಿಂಸಿಸಿದ್ದಾರೆ. ದೊಡ್ಡ ಕಣ್ಣು, ರಾತ್ರಿಯ ಸಂಚಾರ, ಗೂಬೆ ಕಾಡುಪಾಪ ಎರಡೂ ಮಾಡಿದ ಅಪರಾಧ ಅಷ್ಟೇ. ಬೆಂಗಳೂರಿನಲ್ಲಿದ್ದು ಇದನ್ನು ಓದುತ್ತಿರುವವರಿಗೆ ಇಂಥ ಹಕ್ಕಿಯೋ ಪ್ರಾಣಿಯೋ ಸಿಕ್ಕರೆ ಕೆಂಗೇರಿ ಕಡೆ ಪೀಪಲ್ ಫಾರ್ ಅನಿಮಲ್ಸ್‌ನ ವನ್ಯಜೀವಿ ಆಸ್ಪತ್ರೆ ಇದೆ. ಅಳಿಲು ಮರಿ, ಬಾವಲಿ, ಹದ್ದು, ಕೇರೆಹಾವು, ಯಾವುದೇ ಇರಲಿ, ಅಂತರ್ಜಾಲದಲ್ಲಿ ಓದಿ ಔಷಧಿ ಹಾಕುವ ಬದಲು ಕತ್ತಲು, ಕಾವು, ಮೌನ ಇಷ್ಟನ್ನೇ ಕೊಟ್ಟು ಒಯ್ಯಿರಿ.

ನಿಮ್ಮ ಮರಿಗೆ ಗಾಯವಿಲ್ಲ ಎಂದು ಅರಣ್ಯ ಇಲಾಖೆಯವರೋ ಪಶುವೈದ್ಯರೋ ನೋಡಿ ಹೇಳಿದರೆ, ಇವತ್ತೇ ಸಂಜೆ, ಕತ್ತಲಾಗುವ ಸ್ವಲ್ಪ ಮೊದಲು, ಏಣಿಯನ್ನು ಒಬ್ಬರು ಹಿಡಿದುಕೊಳ್ಳಲಿ, ಇನ್ನೊಬ್ಬರು ಹತ್ತಿ ಅದನ್ನು ಉಳಿದವುಗಳ ಪಕ್ಕದಲ್ಲಿಟ್ಟು ತಕ್ಷಣ ಇಳಿಯಿರಿ. ಬಿದ್ದ ಸಂದಿಗೆ ಒಂದು ಹಲಗೆ ಅಡ್ಡ ಕಟ್ಟಿ. ಅಂಗಳದ ದೀಪ ಆರಿಸಿ, ಅಜ್ಜಿಯನ್ನೂ ಜೊತೆಗೆ ಕೂರಿಸಿಕೊಂಡು ದೂರದಲ್ಲಿ ಕುಳಿತು ಕೇಳಿ. ತಾಯಿ ಬರುವುದು ನಿಮಗೆ ಕೇಳಿಸುವುದಿಲ್ಲ. ಅಟ್ಟದೊಳಗೆ ಮರಿಗಳು ಗೊರಕೆ ಹೊಡೆದಂತೆ ಕೂಗುತ್ತಿರುತ್ತವೆ. ಆ ಗೊರಕೆ ಒಮ್ಮೆಲೇ ಜೋರಾಗಿ, ಒಂದರ ಮೇಲೊಂದು ಬಿದ್ದು, ಆಮೇಲೆ ಒಂದು ದನಿ ಮಾತ್ರ ಸುಮ್ಮನಾಗುತ್ತದೆ. ಬಾಯಲ್ಲಿ ಇಲಿ ಇರುವ ಮರಿ ಅದು.