ಒಪ್ಪಿಕೊಂಡರೆ ಐದು ವರ್ಷ, ವಿಚಾರಣೆ ಕೇಳಿದರೆ ಜೀವಾವಧಿ

ಪ್ರಶ್ನೆ: ಮೇಡಂ, ಅಮೆರಿಕದಲ್ಲಿ ಪ್ರತಿ ಆರೋಪಿಗೂ ಜ್ಯೂರಿ, ಅಂದರೆ ತೀರ್ಪು ಹೇಳೋ ಸಾಮಾನ್ಯ ಜನರ ತಂಡದ ಮುಂದೆ ವಿಚಾರಣೆ ಕೇಳೋ ಹಕ್ಕಿದೆ ಅಂತಾರೆ. ಆದರೆ ಹೆಚ್ಚಿನ ಕೇಸುಗಳು ವಿಚಾರಣೆ ಇಲ್ಲದೇ ಮುಗಿದುಹೋಗುತ್ತವಂತೆ, ನಿಜವಾ? ತಪ್ಪು ಮಾಡದವರೂ ಒಪ್ಪಿಕೊಳ್ಳುತ್ತಾರಾ?

ಉತ್ತರ: ನಿಜ. 2012ರ ಒಂದು ತೀರ್ಪಿನಲ್ಲಿ ಅಲ್ಲಿನ ಸುಪ್ರೀಂ ಕೋರ್ಟೇ ಲೆಕ್ಕ ಕೊಟ್ಟಿದೆ. ಶಿಕ್ಷೆಯಾದ ಕೇಸುಗಳನ್ನು ತೆಗೆದುಕೊಂಡರೆ ಫೆಡರಲ್ ಅಂದರೆ ಕೇಂದ್ರದ ಕೋರ್ಟುಗಳಲ್ಲಿ ಶೇ 97, ರಾಜ್ಯಗಳ ಕೋರ್ಟುಗಳಲ್ಲಿ ಶೇ 94 ಆರೋಪಿಯ ತಪ್ಪೊಪ್ಪಿಗೆಯಿಂದಲೇ ಮುಗಿದಂಥವು. ಸಿನಿಮಾದಲ್ಲಿ ನೋಡೋ ಜ್ಯೂರಿ ಸಿಗೋದು ಉಳಿದ ಬೆರಳೆಣಿಕೆಯ ಜನಕ್ಕೆ. ಇದಕ್ಕೆ ಪ್ಲೀ ಬಾರ್ಗೇನ್ ಅಂತಾರೆ, ಅಂದರೆ ಶಿಕ್ಷೆಯ ಚೌಕಾಸಿ.

ಚೌಕಾಸಿ ಹೇಗೆ ನಡೆಯುತ್ತೆ ಅನ್ನೋದಕ್ಕೆ ಕೆಂಟಕಿಯ ಪಾಲ್ ಹೇಯ್ಸ್ ಕೇಸು ನೋಡಿ. ಅವನ ಮೇಲಿದ್ದ ಆರೋಪ 88 ಡಾಲರ್ 30 ಸೆಂಟ್‌ನ ಒಂದು ಖೋಟಾ ಚೆಕ್ಕು. ಕಾನೂನಿನ ಪ್ರಕಾರ ಅದಕ್ಕೆ ಎರಡರಿಂದ ಹತ್ತು ವರ್ಷ. ಒಪ್ಪಿಕೋ, ಐದು ವರ್ಷಕ್ಕೆ ಶಿಫಾರಸು ಮಾಡ್ತೀನಿ ಅಂದರು ಪ್ರಾಸಿಕ್ಯೂಟರ್, ಅಂದರೆ ಸರ್ಕಾರದ ಪರ ವಕೀಲರು. ಒಪ್ಪದೇ ವಿಚಾರಣೆ ಕೇಳಿದರೆ, ಹಿಂದೆ ಎರಡು ಸಲ ಶಿಕ್ಷೆಯಾಗಿದೆಯಲ್ಲ, ರೂಢಿಗತ ಅಪರಾಧಿಗಳ ಕಾಯ್ದೆ ಹಾಕ್ತೀನಿ ಅಂದರು. ಹೇಯ್ಸ್ ವಿಚಾರಣೆ ಕೇಳಿದ. ಸಿಕ್ಕಿದ್ದು ಜೀವಾವಧಿ. 1978ರಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳಲ್ಲಿ ಐವರು ಇದರಲ್ಲಿ ತಪ್ಪೇನಿಲ್ಲ ಅಂದರು. ಆ ತೀರ್ಪು ಇವತ್ತಿಗೂ ಜಾರಿಯಲ್ಲಿದೆ.

ಹೇಯ್ಸ್ ನಿರಪರಾಧಿ ಅಂತ ನಾನು ಹೇಳುತ್ತಿಲ್ಲ, ಜ್ಯೂರಿ ಅವನನ್ನು ತಪ್ಪಿತಸ್ಥ ಅಂತಲೇ ಹೇಳಿತು. ಆದರೆ ಚೆಕ್ಕು ಅದೇ, ಮನುಷ್ಯ ಅವನೇ, ಹಳೇ ಕೇಸುಗಳೂ ಮೊದಲೇ ಗೊತ್ತಿದ್ದವು. ಐದು ವರ್ಷ ಜೀವಾವಧಿ ಆಗಿದ್ದು ಸಂವಿಧಾನ ಕೊಟ್ಟ ಹಕ್ಕನ್ನು ಕೇಳಿದ ಅನ್ನೋ ಒಂದೇ ಕಾರಣಕ್ಕೆ ಅಲ್ವಾ? ನನ್ನನ್ನು ಇವತ್ತಿಗೂ ಕಾಡೋದು ಇದೇ. ಇನ್ನು ಜಾಮೀನಿನ ದುಡ್ಡು ಹೊಂದಿಸಲಾಗದೆ ಜೈಲಲ್ಲಿ ಕೂತವನನ್ನು ನೆನೆಸಿಕೊಳ್ಳಿ. ಒಪ್ಪಿಕೊಂಡರೆ ಇವತ್ತೇ ಮನೆಗೆ, ಇಲ್ಲ ಅಂದರೆ ವಿಚಾರಣೆಗೆ ಇನ್ನೂ ಎಷ್ಟೋ ತಿಂಗಳು ಕಾಯಬೇಕು, ಅಷ್ಟರಲ್ಲಿ ಕೆಲಸ ಹೋಗಿರುತ್ತೆ, ಬಾಡಿಗೆ ಮನೆ ಹೋಗಿರುತ್ತೆ. ತಪ್ಪೇ ಮಾಡದವನೂ ಹೂಂ ಅಂದುಬಿಡುತ್ತಾನೆ. ನಿರಪರಾಧಿಗಳೆಂದು ಆಮೇಲೆ ಸಾಬೀತಾಗಿ ಹೊರಬಂದವರಲ್ಲಿ ಹೀಗೆ ತಪ್ಪೊಪ್ಪಿಕೊಂಡಿದ್ದವರು ನೂರಾರು ಜನ ಇದ್ದಾರೆ. ಇಲಿನಾಯ್ ರಾಜ್ಯ 2023ರ ಸೆಪ್ಟೆಂಬರ್‌ನಲ್ಲಿ ದುಡ್ಡಿನ ಜಾಮೀನನ್ನೇ ಪೂರ್ತಿ ತೆಗೆದುಹಾಕಿತು, ಹಾಗೆ ಮಾಡಿದ ಮೊದಲ ರಾಜ್ಯ ಅದು.

ಎಲ್ಲರೂ ವಿಚಾರಣೆ ಕೇಳಿದರೆ ಕೋರ್ಟುಗಳು ಕುಸಿದು ಬೀಳುತ್ತವೆ ಅನ್ನೋದು ಚೌಕಾಸಿ ಪರ ಇರುವವರ ವಾದ. ಕೇಸುಗಳ ರಾಶಿ ದೊಡ್ಡದಿದೆ, ಅದನ್ನು ತಳ್ಳಿಹಾಕೋ ಹಾಗಿಲ್ಲ. ಆದರೆ ಅಲಾಸ್ಕಾ ರಾಜ್ಯದಲ್ಲಿ 1975ರಲ್ಲಿ ಅಲ್ಲಿನ ಮುಖ್ಯ ಕಾನೂನು ಅಧಿಕಾರಿಯಾದ ಅಟಾರ್ನಿ ಜನರಲ್ ಇಂಥ ಚೌಕಾಸಿಯನ್ನು ನಿಷೇಧಿಸಿದರು. ವಿಚಾರಣೆಗಳು ಜಾಸ್ತಿಯಾದವು, ಕೋರ್ಟು ಮಾತ್ರ ಕುಸಿಯಲಿಲ್ಲ. ಬರಬರುತ್ತಾ ನಿಷೇಧ ಸಡಿಲವಾಗಿ 1993ರಲ್ಲಿ ಹೋಗೇಬಿಟ್ಟಿತು. ಚೌಕಾಸಿ ಪೂರ್ತಿ ನಿಲ್ಲಬೇಕು ಅಂತ ನಾನೂ ಹೇಳಲ್ಲ, ವಿಚಾರಣೆ ಕೇಳಿದ್ದಕ್ಕೆ ಶಿಕ್ಷೆ ಇಷ್ಟಕ್ಕಿಂತ ಏರಬಾರದು ಅನ್ನೋ ಮಿತಿಯನ್ನಾದರೂ ಕಾನೂನು ಹಾಕಬೇಕು.

ಪ್ರಶ್ನೆ: ನಮ್ಮಕ್ಕನ ಮಗ ಅಲ್ಲಿ ವೀಸಾ ಮೇಲೆ ಓದುತ್ತಿದ್ದಾನೆ. ಸಣ್ಣ ಕೇಸಲ್ಲಿ ಒಪ್ಪಿಕೊಂಡು ದಂಡ ಕಟ್ಟಿದರೆ ಮುಗೀತು ಅಂತ ಯಾರೋ ಹೇಳಿದರಂತೆ.

ಉತ್ತರ: ದಯವಿಟ್ಟು ಅವಸರ ಬೇಡ. ನಾಗರಿಕರಲ್ಲದವರಿಗೆ ಜೈಲಿಗಿಂತ ದೊಡ್ಡ ಪೆಟ್ಟು ಗಡಿಪಾರು, ಸಣ್ಣ ಕಳ್ಳತನದ ಕೇಸು ಕೂಡ ವೀಸಾಗೆ ಮುಳುವಾಗಬಹುದು. ಹೊಂಡುರಾಸ್ ಮೂಲದ ಹೊಸೆ ಪಡಿಲಾ ನಲವತ್ತಕ್ಕೂ ಹೆಚ್ಚು ವರ್ಷ ಕಾನೂನುಬದ್ಧವಾಗಿ ಅಲ್ಲಿದ್ದವರು, ವಿಯೆಟ್ನಾಂ ಯುದ್ಧದಲ್ಲಿ ಅಮೆರಿಕದ ಸೈನ್ಯದಲ್ಲಿದ್ದವರು. ಗಾಂಜಾ ಸಾಗಣೆ ಕೇಸಿನಲ್ಲಿ ಸಿಕ್ಕಿಬಿದ್ದಾಗ, ಇಷ್ಟು ವರ್ಷ ಇಲ್ಲೇ ಇದ್ದೀರಿ, ಗಡಿಪಾರಿನ ಚಿಂತೆ ಬಿಡಿ ಅಂದರು ವಕೀಲರು. ಆ ಮಾತು ನಂಬಿ ಒಪ್ಪಿಕೊಂಡರು. ಗಡಿಪಾರು ಖಚಿತವಾಗಿದ್ದದ್ದು ಆ ಒಪ್ಪಿಗೆಯಿಂದಲೇ. 2010ರಲ್ಲಿ ಸುಪ್ರೀಂ ಕೋರ್ಟ್, ತಪ್ಪೊಪ್ಪಿಗೆಯಿಂದ ಗಡಿಪಾರಿನ ಅಪಾಯ ಇದ್ದರೆ ಮೊದಲೇ ಹೇಳೋದು ವಕೀಲರ ಕರ್ತವ್ಯ ಅಂದಿತು. ಹಾಗಾಗಿ ಸಹಿ ಹಾಕೋ ಮುಂಚೆ ವಲಸೆ ಕಾನೂನು ಗೊತ್ತಿರೋ ವಕೀಲರನ್ನು ನೋಡಲಿ. ದಂಡ ಎಷ್ಟು ಅಂತ ಕೇಳೋಕಿಂತ ಮೊದಲು ವೀಸಾ ಏನಾಗುತ್ತೆ ಅಂತ ಕೇಳಲಿ.

ಪ್ರಶ್ನೆ: ಪೊಲೀಸರು ಹಿಡಿದಾಗ ಸುಮ್ನೆ ಕೂತರೆ ಸಾಕಲ್ವಾ? ಮೌನವಾಗಿರೋ ಹಕ್ಕು ಇದೆಯಲ್ಲ?

ಉತ್ತರ: ಹಕ್ಕಿದೆ, 1966ರ ಮಿರಾಂಡಾ ತೀರ್ಪಿನಿಂದ ಅದನ್ನು ಪೊಲೀಸರೇ ಓದಿ ಹೇಳಬೇಕು. ಆದರೆ ಸುಮ್ನೆ ಕೂತರೆ ಸಾಲದು. ಮಿಷಿಗನ್‌ನ ಒಂದು ಕೊಲೆ ಕೇಸಿನಲ್ಲಿ ಥಾಂಪ್ಕಿನ್ಸ್ ಅನ್ನೋ ಆರೋಪಿ ಹತ್ತಿರ ಹತ್ತಿರ ಮೂರು ಗಂಟೆ ಹೆಚ್ಚೂಕಮ್ಮಿ ಬಾಯಿಯೇ ಬಿಡಲಿಲ್ಲ. ಕೊನೆಗೆ ಅಧಿಕಾರಿ, ದೇವರನ್ನು ನಂಬ್ತೀಯಾ ಅಂತ ಕೇಳಿದರು. ಅವನ ಕಣ್ಣಲ್ಲಿ ನೀರು ತುಂಬಿತು, ಹೌದು ಅಂದ. ಆ ಹುಡುಗನಿಗೆ ಗುಂಡು ಹೊಡೆದಿದ್ದಕ್ಕೆ ಕ್ಷಮಿಸು ಅಂತ ದೇವರನ್ನು ಬೇಡಿಕೊಳ್ತೀಯಾ ಅಂತ ಕೇಳಿದರು. ಅದಕ್ಕೂ ಹೌದು ಅಂದ. ಆ ಮಾತು ಅವನ ವಿರುದ್ಧ ಸಾಕ್ಷಿಯಾಯಿತು. ಹಕ್ಕು ಬೇಕಿದ್ದರೆ ಬಾಯಿಬಿಟ್ಟು ಕೇಳಬೇಕು ಅಂತ 2010ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಮೌನವಾಗಿರೋಕೆ ಮಾತಾಡಬೇಕು ಅನ್ನೋದು ನನಗೆ ಸರಿ ಕಾಣಲ್ಲ, ಆದರೆ ಈಗಿರೋ ಕಾನೂನು ಅದೇ. ನಾನು ಮಾತಾಡಲ್ಲ, ನನಗೆ ವಕೀಲರು ಬೇಕು. ಇಷ್ಟನ್ನು ಸ್ಪಷ್ಟವಾಗಿ ಹೇಳಿ ಆಮೇಲೆ ಸುಮ್ಮನಾಗಬೇಕು.

ಪ್ರಶ್ನೆ: ಮೊಬೈಲ್ ಪಾಸ್‌ವರ್ಡ್ ಕೇಳಿದರೆ ಕೊಡಲೇಬೇಕಾ?

ಉತ್ತರ: ಬಂಧಿಸಿದ ಮಾತ್ರಕ್ಕೆ ಪೊಲೀಸರು ಮೊಬೈಲ್ ತೆರೆದು ನೋಡೋ ಹಾಗಿಲ್ಲ, ಸಾಮಾನ್ಯವಾಗಿ ವಾರಂಟ್ ಬೇಕು. ಇದು ದೇಶದ ಸುಪ್ರೀಂ ಕೋರ್ಟಿನ 2014ರ ತೀರ್ಪು. ಪಾಸ್‌ವರ್ಡ್ ವಿಷಯ ಮಾತ್ರ ಇನ್ನೂ ಗೋಜಲು. ಅಲ್ಲಿ ರಾಜ್ಯಗಳಿಗೂ ತಮ್ಮದೇ ಸುಪ್ರೀಂ ಕೋರ್ಟ್ ಇರುತ್ತೆ. ಬಲವಂತ ಮಾಡೋ ಹಾಗಿಲ್ಲ ಅಂತ ಪೆನ್ಸಿಲ್ವೇನಿಯಾದ ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿತು. ಮರುವರ್ಷವೇ ನ್ಯೂಜೆರ್ಸಿಯ ಸುಪ್ರೀಂ ಕೋರ್ಟ್ ತನ್ನ ಮುಂದಿದ್ದ ಕೇಸಿನಲ್ಲಿ ಕೊಡಲೇಬೇಕು ಅಂದಿತು. ಈ ಎರಡು ರಾಜ್ಯಗಳ ನಡುವೆ ಇರೋದು ಡೆಲವೇರ್ ನದಿ ಒಂದೇ.